ಸೀಕ್ವೆನ್ಸರ್ ಓಡುತ್ತೆ, ಸಂಗೀತ ಓಡ್ತಿಲ್ಲ: ಅನಲಾಗ್ ಯಂತ್ರ ಕೊಂಡ್ರೆ ಸರಿಹೋಗುತ್ತಾ?

ಕೇಳಿದವರು: ಎಪ್ಪತ್ತರ ದಶಕದ ಬರ್ಲಿನ್ ಶೈಲಿಯ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹಿಡಿದು ಒಂದು ವರ್ಷ ಆಯ್ತು. ಟ್ಯಾಂಜರೀನ್ ಡ್ರೀಮ್, ಕ್ಲೌಸ್ ಶುಲ್ಟ್ಸ, ಆ ಜಾಡು. ನನ್ನ ಹತ್ರ ಇರೋದು ಒಂದು ಲ್ಯಾಪ್‌ಟಾಪ್, ಚಿಕ್ಕ ಮಿಡಿ ಕೀಬೋರ್ಡ್, ಒಂದು ಸಿಂತ್ ಪ್ಲಗಿನ್ (ಸಿಂತಸೈಜರ್‌ನ ಸಾಫ್ಟ್‌ವೇರ್ ರೂಪ). ಸೀಕ್ವೆನ್ಸರ್‌ನಲ್ಲಿ ಎಂಟು ಸ್ವರದ ಸೀಕ್ವೆನ್ಸ್ ಹಾಕ್ತೀನಿ, ಅಂದ್ರೆ ತಾನಾಗಿ ಮತ್ತೆ ಮತ್ತೆ ನುಡಿಯೋ ಸಾಲು. ಮೊದಲ ಅರ್ಧ ನಿಮಿಷ ಮೈ ಜುಮ್ಮೆನ್ನುತ್ತೆ, ಎರಡನೇ ನಿಮಿಷಕ್ಕೆ ಮೊಬೈಲ್ ರಿಂಗ್‌ಟೋನ್ ಥರ ಕೇಳ್ಸುತ್ತೆ. ಅವರದ್ದು ಇಪ್ಪತ್ತು ನಿಮಿಷ ಹೋದ್ರೂ ಸಾಕು ಅನ್ಸಲ್ಲ. ನಿಜವಾದ ಅನಲಾಗ್ ಸಿಂತ್ (ವಿದ್ಯುತ್ ಸರ್ಕ್ಯೂಟಿನಿಂದಲೇ ದನಿ ಮಾಡೋ ಯಂತ್ರ) ಕೊಂಡ್ರೆ ಇದು ಸರಿಹೋಗುತ್ತಾ? ಕೊಳ್ಳೋದಾದ್ರೆ ಹಳೇದಾ, ಹೊಸದಾ?

ಮೊದಲನೆಯವರು: ಕೊಳ್ಳೋ ವಿಷಯ ಆಮೇಲೆ. ಸೀಕ್ವೆನ್ಸ್ ಓಡ್ತಿರುವಾಗ ನಿಮ್ಮ ಕೈ ಎಲ್ಲಿರುತ್ತೆ? ನಾನು ಮೂರು ವರ್ಷ ಕೈ ಕಟ್ಟಿ ಕೂತು ಕೇಳ್ತಿದ್ದೆ. ಯಂತ್ರ ನುಡಿಸುತ್ತೆ, ನಾನ್ಯಾಕೆ ಅಂತ.

ಲೆಕ್ಕ ಹಾಕಿ ನೋಡಿ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಒಂದು ಬೀಟ್‌ಗೆ ನಾಲ್ಕು ಸ್ವರದಂತೆ ಓಡಿಸಿದ್ರೆ ಒಂದೊಂದು ಸ್ವರ 125 ಮಿಲಿಸೆಕೆಂಡು, ಎಂಟು ಸ್ವರದ ಆವರ್ತ ಸರಿಯಾಗಿ ಒಂದು ಸೆಕೆಂಡು. ಎರಡು ನಿಮಿಷದಲ್ಲಿ ಒಂದೇ ಸಾಲನ್ನ 120 ಸಲ ಕೇಳಿರ್ತೀರಿ. ಬೇಸರ ಬರದೆ ಇನ್ನೇನು ಬರುತ್ತೆ?

ನಂಗೆ ಕಣ್ಣು ತೆರೆಸಿದ್ದು ಒಂದು ಚಿಕ್ಕ ಸಂಗತಿ. ಟ್ಯಾಂಜರೀನ್ ಡ್ರೀಮ್‌ನ 1970ರ ಮೊದಲ ಆಲ್ಬಮ್‌ನಲ್ಲಿ ಡ್ರಮ್ ಬಾರಿಸಿದ್ದು ಶುಲ್ಟ್ಸ. ಆಮೇಲೆ ಆ ತಂಡದ ಸೀಕ್ವೆನ್ಸರ್ ನೋಡಿಕೊಂಡ ಕ್ರಿಸ್ಟೋಫರ್ ಫ್ರಾಂಕೆ ಕೂಡ ಮೂಲತಃ ಡ್ರಮ್ಮರ್. ಅಂದ್ರೆ ಸೀಕ್ವೆನ್ಸ್ ಅವರಿಗೆ ರಾಗದ ಸಾಲಲ್ಲ, ತಾಳವಾದ್ಯ. ಮೂಗ್ ಅನ್ನೋ ಸಿಂತ್ ಕಂಪನಿಯ 960 ಸೀಕ್ವೆನ್ಸರ್ ಚಿತ್ರ ನೋಡಿ: ಎಂಟು ಕಂಬ, ಮೂರು ಸಾಲು, ತಿರುಗಿಸೋ 24 ಗುಂಡಿ. ಪ್ರತಿ ಹೆಜ್ಜೆಗೂ ಒಂದು ಸ್ವಿಚ್ಚು, ಅದನ್ನ ಸ್ಕಿಪ್‌ಗೆ ಇಟ್ರೆ ಆ ಹೆಜ್ಜೆ ಹಾರಿಹೋಗುತ್ತೆ, ಎಂಟು ಇದ್ದದ್ದು ಏಳಾಗುತ್ತೆ. ಮೆಮೊರಿ ಇಲ್ಲ. ಗುಂಡಿ ಎಲ್ಲಿ ನಿಂತಿದೆಯೋ ಅಷ್ಟೇ ಅದರ ನೆನಪು. ಓಡ್ತಿರುವಾಗಲೇ ಕೈ ಹಾಕಬೇಕು, ಬೇರೆ ದಾರಿಯೇ ಇರಲಿಲ್ಲ.

ನೀವು ಮಾಡಬೇಕಾದ್ದು: ಎಂಟೇ ಸ್ವರ ಇಟ್ಟುಕೊಂಡು ಹತ್ತು ನಿಮಿಷ ನುಡಿಸಿ, ಸ್ವರ ಬದಲಾಯಿಸಬೇಡಿ. ಒಂದು ಕೈ ಫಿಲ್ಟರ್ ಕಟಾಫ್ ಮೇಲೆ, ಅಂದ್ರೆ ದನಿಯ ಹೊಳಪು ಎಷ್ಟು ಹೊರಬರಬೇಕು ಅನ್ನೋ ಗುಂಡಿ. ಪೂರ್ತಿ ಮುಚ್ಚಿ ಶುರು ಮಾಡಿ, ತೆರೆಯೋಕೆ ನಾಲ್ಕು ನಿಮಿಷ ತಗೊಳ್ಳಿ. ನಾಲ್ಕು ನಿಮಿಷ ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತೆ, ಕೈ ಓಡೋಕೆ ನೋಡುತ್ತೆ, ತಡೀಬೇಕು. ನಡುವೆ ಫಿಲ್ಟರ್ ಎನ್ವೆಲಪ್‌ನ ಡಿಕೇ (ಪ್ರತಿ ಸ್ವರದಲ್ಲಿ ಹೊಳಪು ಇಳಿಯೋ ಸಮಯ) ಮುಟ್ಟಿ: ಗಿಡ್ಡ ಮಾಡಿದ್ರೆ ಸ್ವರಗಳು ಟಕ್ ಟಕ್ ಅಂತ ಮೃದಂಗದ ಪೆಟ್ಟಿನ ಹಾಗೆ ಬೀಳುತ್ವೆ, ಉದ್ದ ಮಾಡಿದ್ರೆ ಒಂದಕ್ಕೊಂದು ಅಂಟಿ ಜಮಖಾನೆ ಹಾಸಿದ ಹಾಗಾಗುತ್ತೆ. ಇನ್ನೊಂದು ಕೈ ಕೀಬೋರ್ಡ್ ಮೇಲೆ, ಇಡೀ ಸಾಲನ್ನ ಒಂದೇ ಕೀಲಿಯಿಂದ ಮೇಲೆ ಕೆಳಗೆ ಸರಿಸೋಕೆ. ಸರಿಸೋದು ಅಪರೂಪಕ್ಕೆ, ಅರ್ಧ ನಿಮಿಷಕ್ಕೊಮ್ಮೆ ಸಾಕು. ಆಗ ಆ ಒಂದು ಬದಲಾವಣೆ ಬಾಗಿಲು ತೆರೆದಂಗೆ ಕೇಳುತ್ತೆ.

ಅದು ಕೈಗೆ ಹತ್ತಿದ ಮೇಲೆ ಎರಡನೇ ಸೀಕ್ವೆನ್ಸ್ ಸೇರಿಸಿ, ಏಳು ಹೆಜ್ಜೆಯದ್ದು, ಮೆತ್ತಗೆ. ಎಂಟು ಮತ್ತು ಏಳು ಮತ್ತೆ ಸಮಕ್ಕೆ ಬರೋದು 56ನೇ ಹೆಜ್ಜೆಗೆ. ಒಂದು ಸೆಕೆಂಡಿನ ಆವರ್ತ ಏಳು ಸೆಕೆಂಡಿನದಾಯ್ತು, ನೀವೇನೂ ಹೊಸದಾಗಿ ಬರೀಲಿಲ್ಲ.

ಎರಡನೆಯವರು: ಮೇಲಿನದ್ದಕ್ಕೆ ಡಿಲೇ (ಪ್ರತಿಧ್ವನಿ) ಸೇರಿಸಿಕೊಳ್ಳಿ. ಅದೇ 120 ವೇಗದಲ್ಲಿ 375 ಮಿಲಿಸೆಕೆಂಡ್ ಇಡಿ, ಅಂದ್ರೆ ಮೂರು ಹೆಜ್ಜೆ. ನೀವು ಹಾಕದ ಸ್ವರಗಳು ಸಂದಿಯಲ್ಲಿ ಹುಟ್ಟುತ್ವೆ. ಪ್ರತಿಧ್ವನಿಯ ಮೇಲ್ಭಾಗದ ಹೊಳಪು ಕತ್ತರಿಸಿ, ಟೇಪ್ ಎಕೋದಲ್ಲಿ ಪ್ರತಿ ಸುತ್ತಿಗೂ ಮಬ್ಬಾಗ್ತಿತ್ತಲ್ಲ, ಹಾಗೆ. ಬರ್ಲಿನ್ ಜಾಡಲ್ಲದಿದ್ರೂ ಡೊನ್ನಾ ಸಮ್ಮರ್ ಹಾಡಿದ 1977ರ ‘ಐ ಫೀಲ್ ಲವ್’ನ ಬೇಸ್ ಹೆಡ್‌ಫೋನ್‌ನಲ್ಲಿ ಕೇಳಿ. ಒಂದು ಕಿವಿಗೆ ಮೂಗ್‌ನ ಮೂಲ ಸ್ವರ, ಇನ್ನೊಂದಕ್ಕೆ ತಡವಾಗಿ ಬರೋ ನಕಲು. ಎರಡೂ ಸೇರಿ ವೇಗ ದುಪ್ಪಟ್ಟು ಅನ್ಸುತ್ತೆ.

ಮೂರನೆಯವರು: ಹಳೇದು ಕೊಂಡು ಕೈ ಸುಟ್ಟುಕೊಂಡವನು ನಾನು, ಆ ಭಾಗ ನಂಗೆ ಬಿಡಿ.

ಎಪ್ಪತ್ತರ ಕೊನೆಯ ಒಂದು ಮೊನೊಸಿಂತ್ (ಒಂದು ಸಲಕ್ಕೆ ಒಂದೇ ಸ್ವರ ನುಡಿಯೋದು). ಮಾರಿದವರು ‘ಎಲ್ಲ ಸರಿಯಿದೆ’ ಅಂದ್ರು, ನಾನು ಐದು ನಿಮಿಷ ನುಡಿಸಿ ಹೊತ್ತು ತಂದೆ. ಮೊದಲ ವಾರ ಸ್ವರ್ಗ. ಆಮೇಲೆ ಎರಡು ಕೀಲಿ ಮಾತಾಡಲಿಲ್ಲ, ಸ್ಲೈಡರ್ ಎಳೆದ್ರೆ ಕರಕರ, ಕೊನೆಗೆ ಪವರ್ ಸಪ್ಲೈನ ಕೆಪಾಸಿಟರ್ ಹೋಯ್ತು. ರಿಪೇರಿಗೆ ಕೊಟ್ಟದ್ದು ನಾಲ್ಕು ತಿಂಗಳು ವಾಪಸ್ ಬರಲಿಲ್ಲ. ಆ ನಾಲ್ಕು ತಿಂಗಳು ಪ್ಲಗಿನ್‌ನಲ್ಲೇ ನುಡಿಸಿದೆ, ಹೇಳೋಕೆ ನಾಚಿಕೆ, ಆಗ ಮಾಡಿದ್ದೇ ಚೆನ್ನಾಗಿತ್ತು.

ಶ್ರುತಿ ಜಾರೋದು ಮಾತ್ರ ಕೆಟ್ಟಿರೋದಕ್ಕಲ್ಲ, ಅದು ಹುಟ್ಟುಗುಣ. ವೋಲ್ಟೇಜನ್ನ ಸ್ವರವಾಗಿ ಬದಲಾಯಿಸೋ ಭಾಗದಲ್ಲಿ ಟ್ರಾನ್ಸಿಸ್ಟರ್‌ಗಳಿರುತ್ವೆ, ಅವುಗಳ ನಡತೆ ಬಿಸಿಗೆ ತಕ್ಕಂತೆ ಬದಲಾಗುತ್ತೆ. ಟ್ಯಾಂಜರೀನ್ ಡ್ರೀಮ್‌ನ 1974ರ ಆಲ್ಬಮ್ ‘ಫೀಡ್ರಾ’ದ ಶೀರ್ಷಿಕೆ ಕೃತಿಯಲ್ಲಿ ಮೂಗ್ ಬಿಸಿಯಾಗ್ತಾ ಶ್ರುತಿ ಸರಿಯೋದು ಧ್ವನಿಮುದ್ರಣದಲ್ಲೇ ಉಳಿದಿದೆ. ಅವರದ್ದು ಚರಿತ್ರೆಯಾಯ್ತು, ನಮ್ಮದು ಬರೀ ಅಪಶ್ರುತಿ ಆಗುತ್ತೆ.

ಕೊಳ್ಳಲೇಬೇಕಂದ್ರೆ ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಆಮೇಲೆ ಶ್ರುತಿ ನೋಡಿ. ಒಂದೇ ಸ್ವರವನ್ನ ಎಲ್ಲ ಸ್ಥಾಯಿಯಲ್ಲೂ ಪರೀಕ್ಷಿಸಿ, ಕೆಳಗೆ ಸರಿಯಿದ್ದು ಮೇಲೆ ಜಾರಿದ್ರೆ ಟ್ಯೂನಿಂಗ್ ಕೆಲಸ ಬಾಕಿ ಇದೆ ಅಂತ ಅರ್ಥ. ಪ್ರತಿ ಗುಂಡಿ ತಿರುಗಿಸಿ, ನಾಚಿಕೆ ಬೇಡ. ಮತ್ತೆ, ಎಲ್ಲ ಹಳೇ ಯಂತ್ರಗಳೂ ಒಂದೇ ಭಾಷೆ ಆಡಲ್ಲ. ಮೂಗ್, ರೋಲೆಂಡ್‌ಗಳಲ್ಲಿ ಒಂದು ವೋಲ್ಟ್‌ಗೆ ಒಂದು ಸ್ಥಾಯಿ. ಕೋರ್ಗ್ ಎಂಎಸ್-20ಯಲ್ಲಿ ವೋಲ್ಟೇಜ್ ದುಪ್ಪಟ್ಟಾದ್ರೆ ಒಂದು ಸ್ಥಾಯಿ ಏರುತ್ತೆ. ಇದು ಗೊತ್ತಿಲ್ಲದೆ ಸೀಕ್ವೆನ್ಸರ್ ಜೋಡಿಸಿ ಒಂದು ಸಂಜೆ ಪೂರ್ತಿ ‘ಯಾಕೆ ಬೆಸೂರು’ ಅಂತ ತಲೆ ಕೆರೆದುಕೊಂಡಿದ್ದೀನಿ.

ನಾಲ್ಕನೆಯವರು: ಸದ್ಯಕ್ಕೆ ಏನೂ ಕೊಳ್ಳಬೇಡಿ. ವಿಸಿವಿ ರ‍್ಯಾಕ್ ಅನ್ನೋ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ, ಬಿಡಿಭಾಗಗಳನ್ನ ತಂತಿಯಲ್ಲಿ ಜೋಡಿಸೋ ಮಾಡ್ಯುಲರ್‌ನ ತರ್ಕ ಎಲ್ಲ ಅಲ್ಲೇ ಕಲಿಯಬಹುದು. ಎರಡು ಆಸಿಲೇಟರ್ (ಮೂಲ ದನಿ ಹುಟ್ಟಿಸೋ ಭಾಗ) ಇಟ್ಟು ಒಂದೊಂದಕ್ಕೂ ಬೇರೆಬೇರೆ ನಿಧಾನದ ರ‍್ಯಾಂಡಮ್ ವೋಲ್ಟೇಜ್ ಕೊಡಿ, ಮೂರ‍್ನಾಲ್ಕು ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಪಾಲು) ಅಲುಗಾಡುವಷ್ಟು. ಅರ್ಧ ಅನಲಾಗ್ ಮೋಡಿ ಅಲ್ಲೇ ಬಂತು. ನನ್ನದೇ ಎರಡು ರೆಕಾರ್ಡಿಂಗ್ ಕಣ್ಣು ಮುಚ್ಚಿ ಕೇಳಿದಾಗ ಯಾವುದು ಯಂತ್ರದ್ದು ಅಂತ ನಂಗೇ ಹೇಳೋಕಾಗಲಿಲ್ಲ.

ಐದನೆಯವರು: ದನಿ ಒಂದೇ ಇರಬಹುದು, ಒಪ್ಪಿದೆ. ಆದ್ರೆ ಮೌಸ್‌ನಲ್ಲಿ ಒಂದು ಸಲಕ್ಕೆ ಒಂದೇ ಗುಂಡಿ ತಿರುಗಿಸಬಹುದು, ಮೊದಲನೆಯವರು ಹೇಳಿದ್ದಕ್ಕೆ ಎರಡು ಕೈ ಬೇಕು. ಹಾಗಂತ ಸಿಂತೇ ಆಗಬೇಕಿಲ್ಲ, ಗುಂಡಿಗಳಿರೋ ಮಿಡಿ ಕಂಟ್ರೋಲರ್ ಆದ್ರೂ ಆಯ್ತು.

ಹಾರ್ಡ್‌ವೇರ್ ಸೀಕ್ವೆನ್ಸರ್ ಕೊಳ್ಳೋ ದಿನ ಬಂದ್ರೆ ಒಂದು ಎಚ್ಚರ. ಒಂದು ಗುಂಡಿ ಐದು ವೋಲ್ಟ್ ವ್ಯಾಪ್ತಿ ಕೊಟ್ರೆ, ವೋಲ್ಟ್‌ಗೆ ಒಂದು ಸ್ಥಾಯಿಯ ಲೆಕ್ಕದಲ್ಲಿ ಅದರಲ್ಲಿ 60 ಅರ್ಧಸ್ವರ ತುಂಬಿರುತ್ತೆ. ಗುಂಡಿ ತಿರುಗೋದು ಸುಮಾರು 300 ಡಿಗ್ರಿ, ಅಂದ್ರೆ ಒಂದು ಅರ್ಧಸ್ವರಕ್ಕೆ ಐದೇ ಡಿಗ್ರಿ. ಕೂದಲೆಳೆ ಕೆಲಸ. ಕ್ವಾಂಟೈಸರ್ (ವೋಲ್ಟೇಜನ್ನ ಹತ್ತಿರದ ಸರಿ ಸ್ವರಕ್ಕೆ ಕೂರಿಸೋ ಭಾಗ) ಇರೋದನ್ನ ತಗೊಳ್ಳಿ, ಅಥವಾ ವ್ಯಾಪ್ತಿಯನ್ನ ಒಂದೆರಡು ವೋಲ್ಟ್‌ಗೆ ಇಳಿಸೋ ಸ್ವಿಚ್ ಇದೆಯಾ ನೋಡಿ.

ಮೊದಲನೆಯವರು: ಕ್ವಾಂಟೈಸರ್ ಬೇಕೇ ಬೇಕು ಅನ್ನೋದನ್ನ ನಾನು ಒಪ್ಪಲ್ಲ. ನನ್ನ ಒಳ್ಳೇ ಸಾಲುಗಳೆಲ್ಲ ಗುಂಡಿ ತಪ್ಪಾಗಿ ನಿಂತಾಗ ಸಿಕ್ಕಿದ್ದು.

ಐದನೆಯವರು: ನಿಮ್ಮ ಕಿವಿ ಪಳಗಿದೆ. ಹೊಸಬರಿಗೆ ಆ ಸಲಹೆ ಕೊಟ್ರೆ ವಾರದೊಳಗೆ ಮಾರಿಬಿಡ್ತಾರೆ.

ಕೇಳಿದವರು: ಎಲ್ಲರಿಗೂ ವಂದನೆ. ಮೂರು ದಿನದಿಂದ ಪ್ರಯತ್ನ ಮಾಡ್ತಿದ್ದೀನಿ. ಏಳರ ಸಾಲು ಸೇರಿಸಿದ ತಕ್ಷಣ ರಿಂಗ್‌ಟೋನ್ ಹೋಯ್ತು. ನಿನ್ನೆ ಹನ್ನೊಂದು ನಿಮಿಷ ಹೋದೆ, ಮೂರರಿಂದ ಐದರವರೆಗೆ ಇನ್ನೂ ಸಪ್ಪೆ, ಮಿಕ್ಕಿದ್ದು ಪರವಾಗಿಲ್ಲ. ಫಿಲ್ಟರನ್ನ ಎರಡೇ ನಿಮಿಷಕ್ಕೆ ತೆರೆದುಬಿಟ್ಟೆ, ಆಮೇಲೆ ಮಾಡೋಕೆ ಏನೂ ಉಳೀಲಿಲ್ಲ. ಆದ್ರೆ ಹಿಂದೆ ಸ್ಟ್ರಿಂಗ್ಸ್ (ಪಿಟೀಲು ಗುಂಪಿನಂಥ ದನಿ) ಹಾಕಿದ್ರೆ ಎಲ್ಲ ರಾಡಿ ಆಗ್ತಿದೆ.

ಎರಡನೆಯವರು: ಬೇಸ್ ಸೀಕ್ವೆನ್ಸ್ ಒಂದನ್ನ ಬಿಟ್ಟು ಮಿಕ್ಕೆಲ್ಲದರಲ್ಲೂ 150 ಹರ್ಟ್ಸ್ ಕೆಳಗಿನದ್ದನ್ನ ಕತ್ತರಿಸಿ. ರಿವರ್ಬ್ (ದೊಡ್ಡ ಹಾಲಿನಲ್ಲಿ ಉಳಿಯೋ ಅನುರಣನ) ಸ್ಟ್ರಿಂಗ್ಸ್‌ಗೆ ಮಾತ್ರ, ಸೀಕ್ವೆನ್ಸ್‌ಗೆ ಡಿಲೇ ಸಾಕು. ಸ್ಟ್ರಿಂಗ್ಸನ್ನ ಒತ್ತಿ ಹಿಡಿದೇ ಇರಬೇಡಿ. ಟೇಪಿನಿಂದ ದನಿ ನುಡಿಸೋ ಹಳೇ ಕೀಬೋರ್ಡ್ ಮೆಲೊಟ್ರಾನ್‌ನಲ್ಲಿ ಪ್ರತಿ ಕೀಲಿಗೂ ಇದ್ದ ಟೇಪು ಸುಮಾರು ಎಂಟು ಸೆಕೆಂಡಿಗೆ ಮುಗೀತಿತ್ತು, ನುಡಿಸೋರು ಬೆರಳೆತ್ತಲೇಬೇಕಿತ್ತು. ನೀವೂ ಎಂಟು ಸೆಕೆಂಡಿಗೆ ಎತ್ತಿ, ಸಂದಿಯಲ್ಲಿ ಗಾಳಿಯಾಡುತ್ತೆ.

ಕೇಳಿದವರು: ಸರಿ, ಸಿಂತ್ ಮುಂದಕ್ಕೆ ಹಾಕಿದೆ. ಕಂಟ್ರೋಲರ್ ತಗೊಳ್ತೀನಿ. ಎಂಟು ಗುಂಡಿ ಸಾಕಾ, ಹದಿನಾರು ಬೇಕಾ?

ಐದನೆಯವರು: ಹದಿನಾರು. ಎಂಟು ಸ್ವರಕ್ಕೇ ಹೋಗುತ್ತೆ. ಕಟಾಫ್ ಯಾವಾಗಲೂ ಅಂಚಿನ ಗುಂಡಿಗೆ ಇಡಿ, ಕತ್ತಲಲ್ಲೂ ಕೈಗೆ ಸಿಗುತ್ತೆ.