ಕಾಲೇಜು ಜಂಪ್ಸ್ ಕೋಚ್: ಮೊದಲ ಸೀಸನ್‌ನಲ್ಲಿ ಯಾವುದನ್ನು ಹಿಡಿಯಬೇಕು?

ಹೊಸಪಿಟ್: ಎಲ್ಲರಿಗೂ ನಮಸ್ಕಾರ. ಸ್ಪ್ರಿಂಟ್ಸ್ ಬಿಟ್ಟು ಕಾಲೇಜು ತಂಡದ ಲಾಂಗ್ ಜಂಪ್, ಟ್ರಿಪಲ್ ಜಂಪ್ ಜವಾಬ್ದಾರಿ ವಹಿಸಿಕೊಳ್ಳುತ್ತಿದ್ದೇನೆ. ಪ್ರ್ಯಾಕ್ಟೀಸ್‌ನಲ್ಲಿ ಹುಡುಗರಿಗೆ ಬೋರ್ಡ್ (ಕಾಲೂರಿ ಹಾರುವ ಹಲಗೆ) ಸರಿಯಾಗಿ ಸಿಗುತ್ತದೆ, ಮೀಟ್‌ನಲ್ಲಿ ಮಾತ್ರ ಕಾಲು ಬೋರ್ಡ್ ಗೆರೆ ದಾಟಿ ಮೂರಕ್ಕೆ ಎರಡು ಫೌಲ್. ರನ್‌ಅಪ್ ಹೇಗೆ ಕೂರಿಸಬೇಕು? ವಾರಕ್ಕೆ ಎಷ್ಟು ಜಂಪ್ ಮಾಡಿಸಬಹುದು? ಮುಂದೆ ದೊಡ್ಡ ತಂಡಕ್ಕೆ ಅರ್ಜಿ ಹಾಕಿದರೆ ಏನು ನೋಡುತ್ತಾರೆ?

ಚೆಕ್‌ಮಾರ್ಕ್: ಮೊದಲು ರನ್‌ಅಪ್. ಇದನ್ನು ರನ್‌ವೇ ಮೇಲೆ ಕೂರಿಸಲು ಹೋಗಬೇಡಿ. ಬೋರ್ಡ್ ಕಣ್ಣಿಗೆ ಬಿದ್ದ ತಕ್ಷಣ ಜಂಪರ್ ಕೊನೆಯ ಹೆಜ್ಜೆಗಳನ್ನು ತನಗೆ ಗೊತ್ತಿಲ್ಲದೆಯೇ ಹೊಂದಿಸಿಕೊಳ್ಳುತ್ತಾನೆ, ನಿಜವಾದ ಅಳತೆ ಸಿಗುವುದಿಲ್ಲ. ಟ್ರ್ಯಾಕ್ ಮೇಲೆ ಒಂದು ಗೆರೆ ಹಾಕಿ 16 ಅಥವಾ 18 ಹೆಜ್ಜೆ ಪೂರ್ತಿ ವೇಗದಲ್ಲಿ ಓಡಿಸಿ. ಟೇಕಾಫ್ ಕಾಲು ಬಿದ್ದ ಜಾಗಕ್ಕೆ ಪ್ರತಿ ಸಲ ಗುರುತು ಹಾಕಿ. ಆರು ಓಟ ಆದ ಮೇಲೆ ತೀರಾ ದೂರ ಬಿದ್ದದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಅದೇ ಅಳತೆಯನ್ನು ಟೇಪ್ ಹಿಡಿದು ರನ್‌ವೇಗೆ ತನ್ನಿ. ಗುರುತುಗಳು ಚದುರಿ ಬಿದ್ದರೆ ತಪ್ಪು ಹೆಚ್ಚಾಗಿ ಮೊದಲ ಎರಡು ಹೆಜ್ಜೆಯಲ್ಲೇ ಇರುತ್ತದೆ. ನಡೆದು ಬಂದು ಓಡುವುದನ್ನು ನಿಲ್ಲಿಸಿ, ನಿಂತ ಜಾಗದಿಂದ ಪ್ರತಿ ಸಲ ಒಂದೇ ಕಾಲಿನಿಂದ ಶುರು ಮಾಡಿಸಿ.

ಇನ್ನು ಕೋಚ್ ನಿಲ್ಲುವ ಜಾಗ. ಬೋರ್ಡ್ ಪಕ್ಕದಲ್ಲಲ್ಲ, ಬೋರ್ಡ್‌ಗೆ ಆರು ಹೆಜ್ಜೆ ಹಿಂದೆ. ಹೆಜ್ಜೆಯ ಉದ್ದ ನೋಡಿಕೊಂಡು ಸುಮಾರು 12ರಿಂದ 13 ಮೀಟರ್ ಬರುತ್ತದೆ. ಅಲ್ಲಿ ನಿಮ್ಮದೊಂದು ಗುರುತು ಇರಲಿ.

ಕಾಲು ಆ ಗುರುತನ್ನು 20 ಸೆಂ.ಮೀ. ದಾಟಿ ಬಿದ್ದೂ ಬೋರ್ಡ್ ಸರಿಯಾಗಿ ಸಿಕ್ಕಿತೆಂದರೆ ಹುಡುಗ ಕೊನೆಗೆ ಹೆಜ್ಜೆ ಕತ್ತರಿಸಿದ್ದಾನೆ, ವೇಗ ಹೋಯಿತು. ಶುರುವಿನ ಗುರುತನ್ನು ಅಷ್ಟೇ ಹಿಂದಕ್ಕೆ ತಳ್ಳಿ. ಗುರುತು ಸರಿ ಇದ್ದೂ ಫೌಲ್ ಆದರೆ ಬೋರ್ಡ್‌ಗಾಗಿ ಕಾಲು ಚಾಚುತ್ತಿದ್ದಾನೆ. ಆಗ ಶುರುವನ್ನು ಮುಟ್ಟಲೇಬೇಡಿ, ಎಂಟು ಹೆಜ್ಜೆಯ ಚಿಕ್ಕ ರನ್‌ಅಪ್‌ನಲ್ಲಿ ಕೊನೆಯ ಎರಡು ಹೆಜ್ಜೆ ತಿದ್ದಿ: ಕೊನೆಯದಕ್ಕಿಂತ ಅದರ ಹಿಂದಿನದು ಉದ್ದ, ಕೊನೆಯದು ಚಿಕ್ಕದು, ಚುರುಕು. ಈ ಎರಡು ಫೌಲ್‌ಗಳ ವ್ಯತ್ಯಾಸ ತಿಳಿಯದೆ ಪ್ರತಿ ಫೌಲ್‌ಗೂ ಅರ್ಧ ಅಡಿ ಹಿಂದಕ್ಕೆ ಕಳಿಸುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಮೀಟ್‌ನಲ್ಲಿ ಉತ್ಸಾಹಕ್ಕೆ ಹೆಜ್ಜೆ ಉದ್ದವಾಗುತ್ತದೆ, ಬೆನ್ನ ಹಿಂದಿನ ಗಾಳಿ ಇದ್ದರೆ ಇನ್ನೂ. ವಾರ್ಮಪ್ ಓಟದಲ್ಲೇ ಆರು ಹೆಜ್ಜೆಯ ಗುರುತು ನೋಡಿ ಶುರುವಿನ ಗುರುತನ್ನು ಹಿಂದೆ ಮುಂದೆ ಮಾಡಿ. ನಿಯಮದ ಪ್ರಕಾರ ಜಂಪರ್ ಎರಡು ಗುರುತು ಇಡಬಹುದು, ಅದೂ ರನ್‌ವೇ ಪಕ್ಕದಲ್ಲಿ. ಇನ್ನೊಂದು ವಿಷಯ: ನವೆಂಬರ್ 2021ರಿಂದ ಗೆರೆಯಾಚೆಯ ಪ್ಲಾಸ್ಟಿಸಿನ್ (ಮೆತ್ತನೆಯ ಜೇಡಿಯಂಥ ಪಟ್ಟಿ) ಮೇಲೆ ಗುರುತು ಬಿತ್ತೇ ಅಂತಲ್ಲ, ಶೂ ತುದಿ ಗೆರೆಯ ನೇರವನ್ನು ದಾಟಿತೇ ಎಂದು ನೋಡುತ್ತಾರೆ. ಗೆರೆಗೆ ನಾಲ್ಕೈದು ಸೆಂ.ಮೀ. ಹಿಂದೆ ಗುರಿ ಇಡಿಸಿ.

ಹಾಪ್‌ಸ್ಟೆಪ್: ಪೂರ್ತಿ ರನ್‌ಅಪ್ ಜಂಪ್ ವಾರಕ್ಕೆ ಒಂದೇ ದಿನ, ಆರರಿಂದ ಎಂಟು ಸಾಕು. ಉಳಿದ ದಿನ ಚಿಕ್ಕ ರನ್‌ಅಪ್. ಬೌಂಡಿಂಗ್‌ನಲ್ಲಿ (ಉದ್ದುದ್ದ ನೆಗೆಯುತ್ತ ಸಾಗುವ ವ್ಯಾಯಾಮ) ಕಾಲು ನೆಲಕ್ಕೆ ಬಿದ್ದ ಲೆಕ್ಕ ಇಡಿ. ಹೊಸಬರಿಗೆ ದಿನಕ್ಕೆ 60-80 ಸಾಕು, ಓಡಿ ಬಂದು ಮಾಡುವ ಬೌಂಡಿಂಗ್ ಆದರೆ ಅದರ ಅರ್ಧ. ಎರಡು ಬಿರುಸಿನ ದಿನಗಳ ನಡುವೆ 48 ಗಂಟೆ ಬಿಡಿ. ಟ್ರಿಪಲ್ ಜಂಪ್‌ನಲ್ಲಿ (ಹಾಪ್, ಸ್ಟೆಪ್, ಜಂಪ್ ಎಂಬ ಮೂರು ನೆಗೆತ) ಮೊದಲಿನ ಹಾಪ್ ಮುಗಿದು ಕಾಲು ಊರುವಾಗ ದೇಹತೂಕದ ಹತ್ತು ಪಟ್ಟಿಗೂ ಮೀರಿದ ಹೊಡೆತ ಬೀಳುತ್ತದೆ. ಅದಕ್ಕೇ ಬರೀ ಬೆರಳ ಮೇಲೆ ಇಳಿಯಬಾರದು, ಪಾದ ಪೂರ್ತಿ ಚಪ್ಪಟೆಯಾಗಿ ಊರಬೇಕು.

ಹೊಸಬರು ಹಾಪ್ ಅನ್ನು ಎತ್ತರಕ್ಕೆ ಹಾರಿ ಸ್ಟೆಪ್‌ನಲ್ಲಿ ಕುಸಿಯುತ್ತಾರೆ. ಬ್ರಿಟನ್‌ನ ಟ್ರಿಪಲ್ ಜಂಪರ್ ಜೊನಾಥನ್ ಎಡ್ವರ್ಡ್ಸ್ 1995ರಲ್ಲಿ 18.29 ಮೀ. ಹಾರಿದಾಗ ಅತಿ ಉದ್ದದ ಭಾಗ ಹಾಪ್ ಆಗಿರಲಿಲ್ಲ, ಕೊನೆಯ ಜಂಪ್. ಹಾಪ್ ತಗ್ಗಾಗಿ ಹೋದರೆ ವೇಗ ಉಳಿಯುತ್ತದೆ.

ಮೊಣಕಾಲ ಕೆಳಗೆ ಮೂಳೆಯ ಒಳಬದಿ ಉದ್ದಕ್ಕೂ ನೋವೆಂದರೆ ಬೌಂಡಿಂಗ್ ಇಳಿಸಿ, ಹುಲ್ಲಿನ ಮೇಲೆ ಮಾಡಿಸಿ. ಒಂದು ಬೆರಳಿಟ್ಟು "ಇಲ್ಲೇ" ಎಂದು ತೋರಿಸಿದರೆ, ರಾತ್ರಿಯೂ ನೋಯುತ್ತದೆ ಎಂದರೆ, ಅವತ್ತೇ ಜಂಪ್ ನಿಲ್ಲಿಸಿ ಡಾಕ್ಟರ್ ಹತ್ತಿರ ಕಳಿಸಿ. ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ದೊಡ್ಡ ಮೀಟ್ ಹತ್ತಿರ ಇದೆ ಎಂದು ತಳ್ಳಿಹಾಕಬೇಡಿ.

ಟೇಪ್‌ಮೆಜರ್: ಕೆಲಸದ ವಿಷಯಕ್ಕೆ ಬರುತ್ತೇನೆ. ಸರ್ಟಿಫಿಕೇಟ್ ಬಾಗಿಲು ತೆರೆಸುತ್ತದೆ, ಆದರೆ ಕೇಳುವುದು ದಾಖಲೆಯನ್ನೇ. ಪ್ರತಿ ಜಂಪರ್‌ಗೆ ಒಂದು ಶೀಟ್ ಇಡಿ: ಬಂದಾಗಿನ ದೂರ, ಸೀಸನ್ ಕೊನೆಯ ದೂರ, ರನ್‌ಅಪ್ ಅಳತೆ, ಗಾಳಿ, ಫೌಲ್, ಗಾಯದಿಂದ ತಪ್ಪಿದ ದಿನ. ಮೊದಲೇ 7.40 ಮೀ. ಹಾರುತ್ತಿದ್ದವನನ್ನು 7.45ಕ್ಕೆ ತಂದದ್ದಕ್ಕಿಂತ 6.30ರವನನ್ನು ಎರಡು ವರ್ಷದಲ್ಲಿ ಗಾಯವಿಲ್ಲದೆ 6.90ಕ್ಕೆ ತಂದದ್ದು ಹೆಚ್ಚು ತೂಗುತ್ತದೆ. ಜಂಪ್ಸ್ ಒಂದಕ್ಕೇ ಹುದ್ದೆ ಸಿಗುವುದು ಕಡಿಮೆ, ನಿಮ್ಮ ಸ್ಪ್ರಿಂಟ್ಸ್ ಅನುಭವ ಇಲ್ಲಿ ನೇರ ಉಪಯೋಗ. ಹೈಜಂಪ್, ಹರ್ಡಲ್ಸ್ ಕೂಡ ಕಲಿತಿಡಿ.

ಹೊಸಪಿಟ್: ತುಂಬಾ ಧನ್ಯವಾದ. ಆರು ಹೆಜ್ಜೆಯ ಗುರುತಿನ ಹತ್ತಿರ ನಾನು ನಿಂತರೆ ಟೇಕಾಫ್ ನೋಡುವವರು ಯಾರು?

ಚೆಕ್‌ಮಾರ್ಕ್: ಫೋನ್. ಟ್ರೈಪಾಡ್ ಮೇಲೆ, ರನ್‌ವೇಗೆ ಅಡ್ಡಲಾಗಿ ಹತ್ತು ಮೀಟರ್ ದೂರ, ಸೊಂಟದ ಎತ್ತರಕ್ಕೆ, ಕೊನೆಯ ಎರಡು ಹೆಜ್ಜೆ ಪೂರ್ತಿ ಕಾಣುವಂತೆ ಇಡಿ. ಸ್ಲೋಮೋ ಸೆಕೆಂಡಿಗೆ 240 ಫ್ರೇಮ್ ಇದ್ದರೆ ಸಾಕು. ಓರೆಯಾಗಿ ಇಟ್ಟರೆ ಕಾಲು ದೇಹದಿಂದ ಎಷ್ಟು ಮುಂದೆ ಬಿತ್ತೆಂಬುದು ತಪ್ಪಾಗಿ ಕಾಣುತ್ತದೆ. ಜಂಪ್ ಶುರುವಾಗುವ ಮೊದಲು ಪಿಟ್ ಮರಳನ್ನು ಅಗೆದು, ನೀರು ಹಾಕಿ, ಬೋರ್ಡ್ ಮಟ್ಟಕ್ಕೆ ಸಮ ಮಾಡಿಸಿ. ಗಟ್ಟಿಯಾದ ಮರಳಿಗೆ ಬಿದ್ದರೆ ಹಿಮ್ಮಡಿ, ಬೆನ್ನು ಎರಡಕ್ಕೂ ಪೆಟ್ಟು.