ಸಹಾಯ ಬೇಕು: ಎಂಜಿನ್‌ನ ಅಲ್ಯೂಮಿನಿಯಂ ಹೆಡ್‌ನೊಳಗೆ ಮುರಿದ ಎಂ8 ಸ್ಟಡ್

ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ) ಹಿಡಿದಿಡುವ ಎಂ8 ಸ್ಟಡ್ (8 ಮಿ.ಮೀ.ನ ತಲೆಯಿಲ್ಲದ ಬೋಲ್ಟ್, ಥ್ರೆಡ್ ಪಿಚ್ 1.25 ಮಿ.ಮೀ.) ಹೆಡ್‌ನ ಮಟ್ಟಕ್ಕಿಂತ 2 ಮಿ.ಮೀ. ಒಳಗೆ ಮುರಿದಿದೆ. ಹಿಡಿಯಲು ತುದಿಯೇ ಇಲ್ಲ. ಪೆನೆಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಟ್ಟು, ಸೆಂಟರ್ ಪಂಚ್ ಹೊಡೆದು 3 ಮಿ.ಮೀ. ತೂತು ಕೊರೆದಾಗಿದೆ. ಆದರೆ ತೂತು ನಡುವಿನಿಂದ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದಿದೆ. ಈಜಿ ಔಟ್ (ತೂತಿಗೆ ಹಾಕಿ ಎಡಕ್ಕೆ ತಿರುಗಿಸಿ ಮುರಿದ ತುಂಡು ತೆಗೆಯುವ ಸಾಧನ) ಹಾಕಲು ಭಯ. ಅದು ಗಡಸು ಉಕ್ಕು, ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ತೂತನ್ನು ಹೀಗೇ 6.8 ಮಿ.ಮೀ.ವರೆಗೆ ದೊಡ್ಡದು ಮಾಡಿದರೆ ಹೆಡ್‌ನ ಒಂದು ಬದಿಯ ಥ್ರೆಡ್ ಕೊರೆದುಹೋಗುತ್ತದೆ.

ಇಷ್ಟು ಒಳಗಿರುವ ಸ್ಟಡ್‌ಗೆ ಮಿಗ್ ವೆಲ್ಡಿಂಗ್‌ನಲ್ಲಿ ಲೋಹ ತುಂಬಿ, ಮೇಲೆ ನಟ್ ಕೂರಿಸಿ ತಿರುಗಿಸಿದವರು ಇದ್ದೀರಾ? ಅಥವಾ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಮೊದಲು ಪ್ರಯತ್ನಿಸಬೇಕೇ? ಕೊನೆಗೆ ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲು ಕೂರಿಸುವ ತಂತಿ ಸುರುಳಿ) ಹಾಕಬೇಕಾದರೆ, ಎಕ್ಸಾಸ್ಟ್ ಬಿಸಿಗೆ ಅದು ಬಾಳುತ್ತದೆಯೇ? ಹೆಡ್ ಬಿಚ್ಚದೆ ಆಗುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.