ಹೃದಯದ ಸಂಕೋಚನವೇ ಕುಂದಿರುವಾಗ ಅದನ್ನು ಇನ್ನಷ್ಟು ತಗ್ಗಿಸುವ ಮಾತ್ರೆ ಏಕೆ?

ಪ್ರಶ್ನೆ

ನನ್ನ ತಂದೆಯವರಿಗೆ 68 ವರ್ಷ. ಎಕೋ ಪರೀಕ್ಷೆಯಲ್ಲಿ ಅವರ ಎಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) ಶೇ 30 ಎಂದು ಬಂದ ಮೇಲೆ ವೈದ್ಯರು ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಮಾತ್ರೆಯನ್ನು 12.5 ಮಿಲಿಗ್ರಾಂನಿಂದ ಆರಂಭಿಸಿದ್ದು, ಎರಡು ವಾರಕ್ಕೊಮ್ಮೆ ಹೆಚ್ಚಿಸುವುದಾಗಿ ಹೇಳಿದ್ದಾರೆ. ಬೀಟಾ ಬ್ಲಾಕರ್‌ಗಳು ಹೃದಯ ಸ್ನಾಯುವಿನ ಬಲವನ್ನು ಕುಗ್ಗಿಸುತ್ತವೆ ಎಂದು ನಾನು ಬಿ.ಫಾರ್ಮಾದಲ್ಲಿ ಓದಿದ್ದೇನೆ. ಬಲ ಹೆಚ್ಚಿಸುವ ಡಿಜಾಕ್ಸಿನ್ ಇರುವಾಗ ಇದನ್ನೇಕೆ ಕೊಟ್ಟರು? ಮಾತ್ರೆ ಶುರುವಾದಂದಿನಿಂದ ತಂದೆಯವರಿಗೆ ಸುಸ್ತು ಹೆಚ್ಚಾಗಿದೆ.

ಉತ್ತರ 1

ನೀವು ಓದಿದ್ದು ತಪ್ಪಲ್ಲ, ಆದರೆ ಅದು ಮೊದಲ ಕೆಲವು ವಾರಗಳ ಮಾತು. ಪ್ರತಿ ಬಡಿತದಲ್ಲೂ ಜೀವಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬಂದು ಟ್ರೊಪೋನಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಾಗ, ಸ್ನಾಯುವಿನ ಮಯೋಸಿನ್ ಪ್ರೋಟೀನ್ ಪಕ್ಕದ ಆಕ್ಟಿನ್ ಎಳೆಯನ್ನು ಹಿಡಿದೆಳೆಯುತ್ತದೆ, ಅದೇ ಸಂಕೋಚನ. ಹೃದಯ ಸೋತಾಗ ದೇಹವು ನಾರ್‌ಅಡ್ರಿನಲಿನ್ ಎಂಬ ಒತ್ತಡದ ರಾಸಾಯನಿಕವನ್ನು ಸುರಿಸಿ, ಅದನ್ನು ಗ್ರಹಿಸುವ ಬೀಟಾ ಗ್ರಾಹಕಗಳ ಮೂಲಕ ಈ ಕ್ಯಾಲ್ಸಿಯಂ ಹರಿವನ್ನು ಹೆಚ್ಚಿಸುತ್ತದೆ. ಕೆಲವು ಗಂಟೆಗಳಿಗೆ ಅದು ಉಪಕಾರವೇ. ತಿಂಗಳುಗಟ್ಟಲೆ ಮುಂದುವರಿದರೆ ಗ್ರಾಹಕಗಳು ಕಡಿಮೆಯಾಗುತ್ತವೆ, ಉಗ್ರಾಣ ಸೋರತೊಡಗುತ್ತದೆ, ಜೀವಕೋಶಗಳು ಸಾಯುತ್ತವೆ. ಬೀಟಾ ಬ್ಲಾಕರ್ ಈ ಒತ್ತಡವನ್ನು ತಡೆಯುವುದರಿಂದ, ಸುಮಾರು ಮೂರು ತಿಂಗಳ ನಂತರ ಅನೇಕರಲ್ಲಿ ಸಂಕೋಚನ ಮೊದಲಿಗಿಂತ ಉತ್ತಮವಾಗುತ್ತದೆ.

ಒಂದು ಕಾಲದಲ್ಲಿ ಹೃದಯ ವೈಫಲ್ಯದಲ್ಲಿ ಈ ಔಷಧ ನಿಷಿದ್ಧವೆಂದೇ ಕಲಿಸುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೀನ್ ಮತ್ತು ಸಂಗಡಿಗರು ಕೇವಲ 7 ರೋಗಿಗಳ ಅನುಭವವನ್ನು ಪ್ರಕಟಿಸಿದರು, ಹೆಚ್ಚಿನವರು ನಂಬಲಿಲ್ಲ. 1999ರಲ್ಲಿ ಬಿಸೊಪ್ರೊಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರ್ ಮತ್ತು ಮೆಟೊಪ್ರೊಲಾಲ್‌ಗಳ ದೊಡ್ಡ ಪರೀಕ್ಷೆಗಳೆರಡೂ ಸಾವುಗಳು ಸುಮಾರು ಮೂರನೇ ಒಂದರಷ್ಟು ಇಳಿದುವೆಂದು ತೋರಿಸಿದ ಮೇಲೆ ವಾದ ಮುಗಿಯಿತು. ಇದಕ್ಕೆ ವಿರುದ್ಧವಾಗಿ, ಸಂಕೋಚನವನ್ನು ನೇರವಾಗಿ ಹೆಚ್ಚಿಸುವ ಮಿಲ್ರಿನೋನನ್ನು ಮಾತ್ರೆಯ ರೂಪದಲ್ಲಿ ದೀರ್ಘಕಾಲ ಕೊಟ್ಟಾಗ ಸಾವುಗಳು ಶೇ 28ರಷ್ಟು ಹೆಚ್ಚಿದುವೆಂದು 1991ರಲ್ಲಿ ತಿಳಿದುಬಂತು. ದಣಿದ ಎತ್ತಿಗೆ ಬಾರುಕೋಲು ಬೀಸಿದಂತೆ.

ಉತ್ತರ 2

ಡಿಜಾಕ್ಸಿನ್ ಕುರಿತು ಸ್ವಲ್ಪ ಸೇರಿಸುತ್ತೇನೆ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲಿ ಬಾವಿನ ರೋಗಿಗಳಿಗೆ ಫಾಕ್ಸ್‌ಗ್ಲೋವ್ ಎಂಬ ಗಿಡದ ಎಲೆ ಕೊಟ್ಟ ಅನುಭವವನ್ನು ಬರೆದಿಟ್ಟರು. ಡಿಜಾಕ್ಸಿನ್ ಆ ಗಿಡದ ವಂಶದ್ದೇ. ಇದು ಜೀವಕೋಶದಿಂದ ಸೋಡಿಯಂ ಹೊರಹಾಕುವ ಪಂಪನ್ನು ತಡೆಯುತ್ತದೆ, ಒಳಗೆ ಸೋಡಿಯಂ ತುಂಬಿದಂತೆ ಕ್ಯಾಲ್ಸಿಯಂ ಹೊರಹೋಗುವುದು ನಿಧಾನವಾಗುತ್ತದೆ, ಮುಂದಿನ ಬಡಿತ ಗಟ್ಟಿಯಾಗುತ್ತದೆ. ನಮ್ಮ ಬೇಲಿಯ ಕಣಗಿಲೆಯ ವಿಷವೂ ಇದೇ ಪಂಪಿನ ಮೇಲೆ ಬೀಳುವುದರಿಂದ, ಮದ್ದಿಗೂ ವಿಷಕ್ಕೂ ನಡುವಿನ ಅಂತರ ಎಷ್ಟು ಕಿರಿದೆಂದು ನೀವೇ ಊಹಿಸಬಹುದು. 1997ರಲ್ಲಿ ಪ್ರಕಟವಾದ 6,800 ರೋಗಿಗಳ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರುವುದು ಕಡಿಮೆಯಾಯಿತು, ಆಯುಷ್ಯ ಹೆಚ್ಚಲಿಲ್ಲ. ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಲ್ಲಂತೂ ಅದು ಬಹಳ ಎಚ್ಚರ ಬೇಡುವ ಔಷಧ.

ಉತ್ತರ 3

ಎತ್ತಿನ ಹೋಲಿಕೆ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಓಮೆಕಾಮ್ಟಿವ್ ಮೆಕಾರ್ಬಿಲ್ ಎಂಬ ಔಷಧ ಕ್ಯಾಲ್ಸಿಯಂ ಹೆಚ್ಚಿಸದೆ ನೇರವಾಗಿ ಮಯೋಸಿನ್ನನ್ನೇ ಚುರುಕುಗೊಳಿಸುತ್ತದೆ. 8,000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದಾಗ ಮಿಲ್ರಿನೋನಿನಂತೆ ಸಾವು ಹೆಚ್ಚಿಸಲಿಲ್ಲ. ಆದರೆ ಲಾಭವೂ ಅಲ್ಪವೇ ಆಗಿತ್ತು, 2023ರಲ್ಲಿ ಅಮೆರಿಕದ ನಿಯಂತ್ರಕರು ಅದಕ್ಕೆ ಅನುಮತಿ ನೀಡಲಿಲ್ಲ. ತೀವ್ರ ಸ್ಥಿತಿಯಲ್ಲಿ, ರಕ್ತದೊತ್ತಡ ಕುಸಿದಾಗ, ಐಸಿಯುನಲ್ಲಿ ಸಂಕೋಚನ ಹೆಚ್ಚಿಸುವ ಡೊಬುಟಮಿನ್ ಕೊಡುವುದು ಇಂದಿಗೂ ಇದೆ. ಅಲ್ಲಿ ಲೆಕ್ಕ ಬೇರೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಹಾಗಾದರೆ ಸುಸ್ತಿನ ಕಾರಣಕ್ಕೆ ಮಾತ್ರೆ ನಿಲ್ಲಿಸಬಾರದೇ?

ಉತ್ತರ 1

ನೀವಾಗಿಯೇ ನಿಲ್ಲಿಸಬೇಡಿ; ಥಟ್ಟನೆ ಬಿಟ್ಟರೆ ತಡೆಹಿಡಿದ ನಾರ್‌ಅಡ್ರಿನಲಿನ್ ಪ್ರಭಾವ ಒಮ್ಮೆಗೇ ಮರಳುತ್ತದೆ. ನಾಡಿ, ರಕ್ತದೊತ್ತಡ ಮತ್ತು ಬೆಳಗಿನ ತೂಕವನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋ ಏರಿದರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ಮುಂದಿನ ಭೇಟಿಗೆ ಕಾಯದೆ ಅಂದೇ ಹೋಗಿ.